ಕೊಚ್ಚಿದ ಮಾಂಸದ ಬಿಲ್ಲೆ: ಅದರ ಗುಣ, ಅದರ ಅಪಾಯ

ಟರ್ಕಿ ಕೋಳಿಯ ಮಾಂಸವನ್ನು ನುಣ್ಣಗೆ ಕೊಚ್ಚಿ, ಉಪ್ಪು ಮಸಾಲೆಗಳನ್ನು ಬೆರೆಸಿ, ಬಿಲ್ಲೆಯಾಗಿ ತಟ್ಟಿ ಬೇಯಿಸುವ ಸಾಸೇಜು ಅಮೆರಿಕದ ಮನೆಗಳಲ್ಲಿ ಬೆಳಗಿನ ಉಪಾಹಾರಕ್ಕೆ ಪರಿಚಿತವಾದುದು. ನಮ್ಮ ಕರಾವಳಿಯಲ್ಲಿ ಟರ್ಕಿ ಅಪರೂಪ; ಆದರೆ ಸುರತ್ಕಲ್ಲಿನ ಅಂಗಡಿಗಳಲ್ಲಿ ದೊರೆಯುವ ಸಾಮಾನ್ಯ ಕೋಳಿಯಿಂದಲೂ ಅದನ್ನು ಮಾಡಬಹುದು. 1960ರಲ್ಲಿ ಇಲ್ಲಿ ಎಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದಂದಿನಿಂದ ನಾನಾ ಪ್ರಾಂತಗಳ ವಿದ್ಯಾರ್ಥಿಗಳು ಈ ಊರಿಗೆ ಬರುತ್ತಿದ್ದಾರೆ. ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುವ ತರುಣರು ಈ ಬಿಲ್ಲೆಯ ವಿಜ್ಞಾನವನ್ನು ಅರಿತಿರುವುದು ಒಳ್ಳೆಯದು. ಏಕೆಂದರೆ, ಮಾಂಸವನ್ನು ಕೊಚ್ಚುವ ಕ್ರಿಯೆಯೇ ಬಿಲ್ಲೆಯ ಗುಣಕ್ಕೂ ಅದರ ಅಪಾಯಕ್ಕೂ ಮೂಲವಾಗಿದೆ.

ಮೊದಲು ಗುಣವನ್ನು ನೋಡೋಣ. ಮೊಟ್ಟೆಯನ್ನಾಗಲಿ ಹಿಟ್ಟನ್ನಾಗಲಿ ಸೇರಿಸದಿದ್ದರೂ ಬಿಲ್ಲೆಯು ಕಾವಲಿಯ ಮೇಲೆ ಪುಡಿಯಾಗದಿರಲು ಕಾರಣವೇನು? ಸ್ನಾಯುವಿನ ನಾರುಗಳಲ್ಲಿ ಮಯೋಸಿನ್ ಎಂಬ ಪ್ರೋಟೀನು ಇದೆ. ಅದು ಬರಿಯ ನೀರಿಗಿಂತ ಉಪ್ಪುನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಕೊಚ್ಚಿದಾಗ ನಾರುಗಳು ತುಂಡಾಗುತ್ತವೆ. ಉಪ್ಪು ಬೆರೆಸಿ ನಾದಿದಾಗ ಮಯೋಸಿನ್ ಹೊರಬಂದು ತುಣುಕುಗಳ ಮೇಲೆ ಅಂಟಿನಂತೆ ಹರಡುತ್ತದೆ. ಶಾಖ ತಾಗಿದಾಗ ಈ ಅಂಟು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿ, ಬಲೆಯಾಗಿ ನೀರನ್ನೂ ಕೊಬ್ಬನ್ನೂ ಹಿಡಿದಿಡುತ್ತದೆ. ನಮ್ಮ ಕಡಲಿನ ಮದ್ಮಲ್ ಮೀನಿನಿಂದ ತಯಾರಿಸುವ ಸುರಿಮಿ ಎಂಬ ಮುದ್ದೆಯು ಉಪ್ಪು ಬೆರೆಸಿ ಬೇಯಿಸಿದಾಗ ಪುಟಿಯುವಂತೆ ಗಟ್ಟಿಯಾಗುವುದೂ ಇದೇ ತತ್ತ್ವದಿಂದ.

ಅರ್ಧ ಕಿಲೋ ಖೀಮಾಕ್ಕೆ ಸುಮಾರು 8 ಗ್ರಾಂ ಉಪ್ಪು ಸಾಕು. ಕಾಳುಮೆಣಸು, ಸೋಂಪು, ಬೆಳ್ಳುಳ್ಳಿಗಳನ್ನು ರುಚಿಗೆ ತಕ್ಕಂತೆ ಸೇರಿಸಬಹುದು. ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆಯಾದುದರಿಂದ ಬಿಲ್ಲೆ ಒಣಗುತ್ತದೆ. ತೊಡೆಯ ಮಾಂಸವನ್ನು ಬಳಸುವುದು, ಇಲ್ಲವೆ ಒಂದು ಚಮಚ ಎಣ್ಣೆಯನ್ನು ಬೆರೆಸುವುದು ಲೇಸು. ಮಿಶ್ರಣವು ಕೈಗೆ ಅಂಟತೊಡಗಿದಾಗ ನಾದುವುದನ್ನು ನಿಲ್ಲಿಸಿ, ಅರ್ಧ ಅಂಗುಲ ದಪ್ಪಕ್ಕೆ ತಟ್ಟಬೇಕು.

ಇನ್ನು ಅಪಾಯದ ವಿಚಾರ. ಇಡಿಯ ಮಾಂಸದ ತುಂಡಿನಲ್ಲಿ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಹೊರಮೈಯಲ್ಲಿರುತ್ತವೆ. ಕೊಚ್ಚಿದಾಗ ಹೊರಮೈ ಒಳಗೆ ಸೇರಿ, ಸೂಕ್ಷ್ಮಜೀವಿಗಳು ಎಲ್ಲೆಡೆ ಹರಡುತ್ತವೆ. ಅನುಕೂಲವಾದ ಬೆಚ್ಚನೆಯಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಅಂದರೆ ಒಂದು ಜೀವಿ ನಾಲ್ಕು ಗಂಟೆಗಳಲ್ಲಿ 4096 ಆಗಬಹುದು. 2011ರಲ್ಲಿ ಅಮೆರಿಕದಲ್ಲಿ ಟರ್ಕಿ ಖೀಮಾದ ಮೂಲಕ ಹರಡಿದ ಸಾಲ್ಮೊನೆಲ್ಲಾ ಸೋಂಕಿಗೆ 136 ಮಂದಿ ತುತ್ತಾದರು, ಒಬ್ಬರು ಮೃತಪಟ್ಟರು.

ಆದುದರಿಂದ ಖೀಮಾವನ್ನು 4 ಡಿಗ್ರಿ ಸೆಂಟಿಗ್ರೇಡಿನ ಒಳಗಿನ ತಂಪಿನಲ್ಲಿಟ್ಟು, ಒಂದೆರಡು ದಿನಗಳಲ್ಲಿ ಬಳಸಿ ಮುಗಿಸಬೇಕು. ಸುರತ್ಕಲ್ಲಿನ ಬೇಸಗೆಯಂತೆ ಉಷ್ಣತೆ 32 ಡಿಗ್ರಿಯನ್ನು ಮೀರಿದಾಗ ಅದನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಹಸಿ ಮಾಂಸ ತಾಗಿದ ಮಣೆ, ಚೂರಿ, ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

ಬೆಂದಿದೆಯೇ ಎಂಬುದನ್ನು ಬಣ್ಣದಿಂದ ನಿರ್ಣಯಿಸುವಂತಿಲ್ಲ. ಮಾಂಸದ ಬಣ್ಣಕ್ಕೆ ಕಾರಣವಾದ ಮಯೋಗ್ಲೋಬಿನ್ ಕೆಲವೊಮ್ಮೆ ಬೇಗನೆ ಕಂದಾಗುತ್ತದೆ. ಕೆಲವೊಮ್ಮೆ ಬೆಂದ ಮೇಲೂ ನಸುಗೆಂಪು ಉಳಿಯುತ್ತದೆ. ನಂಬತಕ್ಕ ಸಾಕ್ಷಿ ಉಷ್ಣಮಾಪಕವೊಂದೇ. ಅದರ ಮೊನೆಯನ್ನು ಬಿಲ್ಲೆಯ ಪಕ್ಕದಿಂದ ನಡುಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ಅಡುಗೆಯ ಉಷ್ಣಮಾಪಕದ ಬೆಲೆ ಹೆಚ್ಚೇನಲ್ಲ. ನಾಲ್ವರು ಗೆಳೆಯರು ಕೂಡಿ ಅಡುಗೆ ಮಾಡುವ ಕೋಣೆಯಲ್ಲಿ ಅದೊಂದು ಇರುವುದು ಯೋಗ್ಯ.