ಎಚ್ಚರಿಕೆಯ ದೀಪವನ್ನು ನಂದಿಸದಿರೋಣ



ಪಶ್ಚಿಮಘಟ್ಟದ ತಪ್ಪಲಿನ ಪುತ್ತೂರು, ಸುಳ್ಯ, ಕಡಬ ಸೀಮೆಗಳೊಡನೆ ನಮ್ಮ ಸಮಾಜಕ್ಕಿರುವ ನಂಟು ಇಂದಿನದಲ್ಲ. ಹಾಲೇರಿ ವಂಶದ ಲಿಂಗಾಯತ ಅರಸರ ಕಾಲದಲ್ಲಿ ಅಮರ ಸುಳ್ಯ ಹಾಗೂ ಪುತ್ತೂರು ಸೀಮೆಗಳು ಕೊಡಗು ಸಂಸ್ಥಾನಕ್ಕೆ ಸೇರಿದ್ದವು. 1834ರಲ್ಲಿ ಆಂಗ್ಲರು ಕೊಡಗನ್ನು ವಶಪಡಿಸಿಕೊಂಡ ಬಳಿಕ ಅವು ಕೆನರಾ ಜಿಲ್ಲೆಯೊಳಗೆ ಸೇರಿಹೋದವು. ಆ ಹಳೆಯ ನಂಟನ್ನು ಇಂದು ಘಾಟಿಯ ರಸ್ತೆಗಳು ಕಾಪಾಡಿಕೊಂಡು ಬಂದಿವೆ. ಸಕಲೇಶಪುರದಿಂದ ಶಿರಾಡಿಯ ಮೂಲಕ, ಮಡಿಕೇರಿಯಿಂದ ಸಂಪಾಜೆಯ ಮೂಲಕ ಮದುವೆಗೆ, ಗೃಹಪ್ರವೇಶಕ್ಕೆ, ಲಿಂಗದೀಕ್ಷೆಗೆ ಬಂದುಹೋಗುವ ಕುಟುಂಬಗಳು ಅನೇಕ. ಅಂತಹ ಮನೆಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದ ಹಳೆಯ ಕಾರೊಂದು ಮನೆಯ ಸದಸ್ಯನಂತೆಯೇ ಇರುತ್ತದೆ. ಆ ಕಾರಿನ ವಿದ್ಯುತ್ ವ್ಯವಸ್ಥೆಯ ಒಗಟುಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ. ಈ ವಿಷಯದಲ್ಲಿ ನಾನು ಕಲಿತದ್ದು ಗ್ರಂಥದಿಂದಲ್ಲ, ಒಂದು ರಾತ್ರಿಯ ಭೀತಿಯಿಂದ.

ಆ ರಾತ್ರಿ

ಅಧ್ಯಾಪನದ ನಿಮಿತ್ತ ನಾನು ಕಡಬದಲ್ಲಿ ನೆಲಸಿದ್ದ ಕಾಲ. ನಮ್ಮ ಹಳೆಯ ಕಾರಿನಲ್ಲಿ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪವು ಎಂಜಿನ್ ಚಾಲನೆಯಲ್ಲಿದ್ದಾಗಲೂ ಮಂದವಾಗಿ ಮಿನುಗುತ್ತಿತ್ತು. ಹಗಲಿನಲ್ಲಿ ಕಾಣದು, ಸಂಜೆಯಾದರೆ ಕೆಂಡದ ಕಿಡಿಯಂತೆ ಕಾಣುವುದು. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದೆವು, ಆಲ್ಟರ್ನೇಟರನ್ನೂ ಬದಲಾಯಿಸಿದೆವು. ಆದರೂ ದೀಪ ಆರಲಿಲ್ಲ. ಕಡೆಗೆ ಒಂದು ಕಾರ್ಯಾಗಾರದವರು ಫಲಕವನ್ನು ಬಿಚ್ಚಿ, ಆ ಪುಟ್ಟ ಬಲ್ಬನ್ನೇ ಕಿತ್ತು ನನ್ನ ಕೈಯಲ್ಲಿಟ್ಟರು. ‘ಇನ್ನು ನಿಮಗೆ ತೊಂದರೆಯಿಲ್ಲ’ ಎಂದರು. ನಾನೂ ನೆಮ್ಮದಿಯಿಂದ ಮನೆಗೆ ಮರಳಿದೆ.

2016ರ ಜುಲೈ ತಿಂಗಳ ಒಂದು ರಾತ್ರಿ ವೃದ್ಧ ಮಾತೃಶ್ರೀಯವರಿಗೆ ಉಬ್ಬಸ ಉಲ್ಬಣಿಸಿತು. ಸುರಿಯುವ ಮಳೆಯಲ್ಲಿ ಪುತ್ತೂರಿನ ಆಸ್ಪತ್ರೆಯತ್ತ ಹೊರಟೆವು. ಆಲಂಕಾರನ್ನು ಸಮೀಪಿಸುವಷ್ಟರಲ್ಲಿ ಮುಂದೀಪಗಳು ಹಳದಿಗೆ ತಿರುಗಿದವು, ವೈಪರ್ ನಿಧಾನವಾಯಿತು, ಎಂಜಿನ್ ಮುಗ್ಗರಿಸತೊಡಗಿತು. ಕಗ್ಗತ್ತಲೆಯಲ್ಲಿ ಕಾರು ನಿಂತಿತು. ಹಿಂದಿನಿಂದ ಬಂದ ಜೀಪಿನ ಚಾಲಕನೊಬ್ಬ ನಮ್ಮನ್ನು ಕರೆದೊಯ್ದು ಆಸ್ಪತ್ರೆಗೆ ಸೇರಿಸಿದ. ಮಾತೃಶ್ರೀಯವರು ಚೇತರಿಸಿಕೊಂಡರು. ಆದರೆ ಆ ಅರ್ಧ ಗಂಟೆಯ ಕಾಲ ಅವರ ಉಸಿರಿನ ಸದ್ದನ್ನೂ ಮಳೆಯ ಸದ್ದನ್ನೂ ಕೇಳುತ್ತ ಕುಳಿತದ್ದನ್ನು ನಾನು ಇಂದಿಗೂ ಮರೆತಿಲ್ಲ.

ಸುಳ್ಯದ ವೃದ್ಧ ಕುಶಲಕರ್ಮಿಯೊಬ್ಬರು ಮರುವಾರ ಆ ಕಾರನ್ನು ಪರೀಕ್ಷಿಸಿದರು. ಯಾವ ಭಾಗವನ್ನೂ ಬಿಚ್ಚುವ ಮೊದಲು ಅವರು ಕಿತ್ತುಹಾಕಿದ್ದ ಬಲ್ಬನ್ನು ಅದರ ಸ್ಥಾನದಲ್ಲಿ ಕೂರಿಸಿದರು. ಅನಂತರ ಎಂಜಿನ್ ಚಾಲೂ ಮಾಡಿ ಮಾಪಕ ಹಿಡಿದರು. ಆಲ್ಟರ್ನೇಟರಿನ ಬಳಿ 14.4 ವೋಲ್ಟ್, ಬ್ಯಾಟರಿಯ ಬಳಿ 12.5 ವೋಲ್ಟ್! ನಡುವಿನ ದಪ್ಪ ತಂತಿಯ ಕೊನೆಯ ಬೆಸುಗೆ ಹಸಿರುಗಟ್ಟಿ ಕೊಳೆತಿತ್ತು. ಅಲ್ಲಿಯೇ ಸುಮಾರು ಎರಡು ವೋಲ್ಟ್ ಸೋರಿಹೋಗುತ್ತಿತ್ತು. ಅದನ್ನು ಕತ್ತರಿಸಿ, ಉಜ್ಜಿ, ಹೊಸ ತುದಿಯನ್ನು ಬಿಗಿದೊಡನೆ ಕೆಂಪು ದೀಪ ತಾನಾಗಿಯೇ ಆರಿತು.

ದೀಪದ ಮರ್ಮ

ಅವರು ವಿವರಿಸಿದ ತತ್ತ್ವ ಸರಳವಾದುದು. ಹಳೆಯ ಅನೇಕ ಕಾರುಗಳಲ್ಲಿ ಈ ದೀಪದ ಒಂದು ತುದಿ ಬ್ಯಾಟರಿಯ ಕಡೆಗೂ ಇನ್ನೊಂದು ತುದಿ ಆಲ್ಟರ್ನೇಟರಿನ ಕಡೆಗೂ ಇರುತ್ತದೆ. ಎರಡೂ ಕಡೆ ಒತ್ತಡ ಸಮನಾಗಿದ್ದರೆ ದೀಪ ಆರುತ್ತದೆ, ವ್ಯತ್ಯಾಸವಿದ್ದರೆ ಉರಿಯುತ್ತದೆ. ಆದ್ದರಿಂದ ಮಂದವಾದ ಮಿನುಗು ನಡುವೆ ಎಲ್ಲೋ ಸೋರಿಕೆಯಿದೆಯೆಂಬುದನ್ನು ಸೂಚಿಸುತ್ತಿತ್ತು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಆಲ್ಟರ್ನೇಟರ್ ತನ್ನ ಕೆಲಸವನ್ನು ಆರಂಭಿಸಲು ಬೇಕಾದ ಮೊದಲ ವಿದ್ಯುತ್ತು ಹರಿಯುವುದೂ ಆ ಬಲ್ಬಿನ ಮೂಲಕವೇ. ಬಲ್ಬನ್ನು ಕಿತ್ತ ದಿನದಿಂದ ನಮ್ಮ ಕಾರಿನ ವಿದ್ಯುದುತ್ಪಾದನೆಯೇ ನಿಂತುಹೋಗಿತ್ತು. ಮುಂದೀಪಗಳೆರಡಕ್ಕೇ ಸುಮಾರು 10 ಆಂಪಿಯರ್ ಬೇಕು, ಜೊತೆಗೆ ವೈಪರ್. ಅರೆಬರೆ ತುಂಬಿದ್ದ 35 ಆಂಪಿಯರ್-ಗಂಟೆಯ ಬ್ಯಾಟರಿ ಎಷ್ಟು ಹೊತ್ತು ಬಾಳೀತು? ಎಚ್ಚರಿಸುವವನ ಬಾಯಿ ಮುಚ್ಚಿಸಿದ ನಾವು ಅನ್ನವಿಕ್ಕುವ ಕೈಯನ್ನೂ ಕಡಿದಿದ್ದೆವು.

ಮರಳುವ ದಾರಿ

ವಿದ್ಯುತ್ತು ಬ್ಯಾಟರಿಯಿಂದ ಹೊರಟರೆ ಸಾಲದು, ಅದು ಮರಳಿ ಬ್ಯಾಟರಿಯನ್ನು ಸೇರಬೇಕು. ಕಾರಿನಲ್ಲಿ ಈ ಮರಳುವ ದಾರಿ ಲೋಹದ ಮೈಯೇ ಆಗಿದೆ. ಮೈಗೂ ತಂತಿಗೂ ಸೇರುವ ಬೋಲ್ಟನ್ನು ಕುಶಲಕರ್ಮಿಗಳು ‘ಅರ್ತ್’ ಎನ್ನುತ್ತಾರೆ. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ತುಕ್ಕು ಹಿಡಿಯುವ ಮೊದಲ ಸ್ಥಾನಗಳಲ್ಲಿ ಇದೂ ಒಂದು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುವುದು, ಮುಂದೀಪ ಹಚ್ಚಿದರೆ ಪೆಟ್ರೋಲ್ ಮುಳ್ಳು ಅಲುಗುವುದು ಮೊದಲಾದವುಗಳನ್ನು ಕಂಡು ಜನರು ಬೆರಗಾಗುತ್ತಾರೆ. ಮರಳುವ ದಾರಿ ಕಟ್ಟಿಹೋದಾಗ ವಿದ್ಯುತ್ತು ಬೇರೊಂದು ದೀಪದ ತಂತುವಿನ ಮೂಲಕ ನುಸುಳಿ ಹಿಂದಿರುಗುವುದೇ ಇದಕ್ಕೆ ಕಾರಣ. ಸಂಬಂಧವಿಲ್ಲದ ಹಲವು ದೋಷಗಳು ಒಟ್ಟಿಗೆ ಕಾಣಿಸಿದರೆ ಅವುಗಳಿಗೆ ಸಾಮಾನ್ಯವಾದ ಒಂದು ಮೂಲವನ್ನು ಹುಡುಕಬೇಕು. ಆ ಮೂಲ ಬಹುಮಟ್ಟಿಗೆ ಅರ್ತ್ ಆಗಿರುತ್ತದೆ, ಇಲ್ಲವೇ ಬ್ಯಾಟರಿಯ ದೌರ್ಬಲ್ಯವಾಗಿರುತ್ತದೆ.

ಗೃಹಸ್ಥರು ಮಾಡಬಹುದಾದ ಪರೀಕ್ಷೆ

ಕೆಲವೇ ನೂರು ರೂಪಾಯಿಗಳ ಮಾಪಕವೊಂದು ಮನೆಯಲ್ಲಿರಲಿ. ಮೊದಲನೆಯದಾಗಿ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ. ಬ್ಯಾಟರಿ, ಎಣ್ಣೆ ಮೊದಲಾದ ಎಚ್ಚರಿಕೆಯ ದೀಪಗಳು ಆಗ ಉರಿಯಬೇಕು. ಉರಿಯದ ದೀಪ ಸತ್ತ ಕಾವಲುಗಾರನಂತೆ. ಅದನ್ನು ಮೊದಲು ಸರಿಪಡಿಸಿ. ಎರಡನೆಯದಾಗಿ, ಕಾರು ರಾತ್ರಿಯೆಲ್ಲ ನಿಂತ ಬಳಿಕ ಬ್ಯಾಟರಿಯನ್ನು ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ಣ, 12.2 ಇದ್ದರೆ ಸುಮಾರು ಅರ್ಧ. ಎಂಜಿನ್ ಚಾಲನೆಯಲ್ಲಿರುವಾಗ ಹಳೆಯ ಕಾರುಗಳಲ್ಲಿ ಅದು 13.8ರಿಂದ 14.4ರವರೆಗೆ ಏರಬೇಕು. ಮೂರನೆಯದಾಗಿ, ಎಂಜಿನ್ ನಡೆಯುತ್ತ ದೀಪಗಳೆಲ್ಲ ಉರಿಯುತ್ತಿರುವಾಗ ಬ್ಯಾಟರಿಯ ಋಣಧ್ರುವಕ್ಕೂ ಎಂಜಿನ್ನಿನ ಲೋಹಕ್ಕೂ, ಬಳಿಕ ಕಾರಿನ ಮೈಗೂ ನಡುವಣ ವ್ಯತ್ಯಾಸವನ್ನು ಅಳೆಯಿರಿ. 0.2 ವೋಲ್ಟಿಗಿಂತ ಕಡಿಮೆಯಿದ್ದರೆ ಕ್ಷೇಮ, 0.5ನ್ನು ಮೀರಿದರೆ ಅರ್ತ್ ಕೆಟ್ಟಿದೆಯೆಂದೇ ತಿಳಿಯಿರಿ.

ನಿಂತಲ್ಲಿಯೇ ಬ್ಯಾಟರಿ ಬರಿದಾಗುತ್ತಿದ್ದರೆ ಎಲ್ಲವನ್ನೂ ಆರಿಸಿದ ಬಳಿಕವೂ ಎಷ್ಟು ವಿದ್ಯುತ್ತು ಹರಿಯುತ್ತಿದೆಯೆಂದು ಕುಶಲಕರ್ಮಿಯಿಂದ ಅಳೆಯಿಸಿ. 0.05 ಆಂಪಿಯರ್‌ವರೆಗೆ ಸಹಜ. ಅರ್ಧ ಆಂಪಿಯರ್ ಹರಿದರೆ ದಿನಕ್ಕೆ 12 ಆಂಪಿಯರ್-ಗಂಟೆಯಂತೆ ಮೂರು ದಿನಗಳಲ್ಲಿ ಸಣ್ಣ ಬ್ಯಾಟರಿ ಖಾಲಿ. ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಕಳ್ಳ ಸಿಗುತ್ತಾನೆ. ಡಿಕ್ಕಿಯ ದೀಪವೋ ಅನಂತರ ಜೋಡಿಸಿದ ರೇಡಿಯೋವೋ ಆಗಿರುವುದು ಹೆಚ್ಚು. ಅಡಿಕೆ ದಾಸ್ತಾನಿನ ಪಕ್ಕದಲ್ಲಿ ಕಾರು ನಿಲ್ಲಿಸುವವರು ಇಲಿಗಳು ತಂತಿಯನ್ನು ಕಡಿದಿವೆಯೇ ಎಂಬುದನ್ನೂ ನೋಡಬೇಕು.

ಮಾಡಬಾರದವು ಕೆಲವಿವೆ. ಸುಟ್ಟ ಫ್ಯೂಸ್‌ಗೆ ಬದಲಾಗಿ ತಂತಿಯನ್ನೋ ಸಿಗರೇಟಿನ ಬೇಗಡೆಯನ್ನೋ ಇಡಬಾರದು. ಆಗ ಫ್ಯೂಸ್‌ನ ಬದಲು ಕಾರೇ ಸುಡುತ್ತದೆ. ಎಂಜಿನ್ ನಡೆಯುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಿತ್ತು ಆಲ್ಟರ್ನೇಟರನ್ನು ಪರೀಕ್ಷಿಸುವ ಹಳೆಯ ರೂಢಿಯನ್ನು ಬಿಡಬೇಕು. ಒತ್ತಡ ಒಮ್ಮೆಲೇ ಏರಿ ಸೂಕ್ಷ್ಮ ಉಪಕರಣಗಳು ಹಾಳಾಗುತ್ತವೆ. ಬ್ಯಾಟರಿ ಬಿಚ್ಚುವಾಗ ಋಣಧ್ರುವವನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಜೋಡಿಸಿ. ಗಾಳಿಚೀಲದ, ಎಂದರೆ ಏರ್‌ಬ್ಯಾಗಿನ, ತಂತಿಗಳನ್ನು ತರಬೇತಿಯಿಲ್ಲದವರು ಮುಟ್ಟಲೇಬಾರದು.

ಬಣ್ಣದ ಭಾಷೆ

ಕೆಂಪು ಎಂದರೆ ನಿಲ್ಲು. ಹಳದಿ ಎಂದರೆ ಬೇಗ ತೋರಿಸು. ಎಣ್ಣೆಯ ಕೆಂಪು ದೀಪ ಹತ್ತಿದರೆ ಸುರಕ್ಷಿತ ಸ್ಥಳದಲ್ಲಿ ತಕ್ಷಣ ಎಂಜಿನ್ ನಿಲ್ಲಿಸಿ. ಎಣ್ಣೆಯ ಮಟ್ಟ ಸರಿಯಾಗಿದ್ದರೂ ಒತ್ತಡವನ್ನು ಪರೀಕ್ಷಿಸುವವರೆಗೆ ಚಲಿಸಬೇಡಿ, ಏಕೆಂದರೆ ಎಣ್ಣೆ ತಲುಪದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕೆಡಬಹುದು. ಬ್ರೇಕಿನ ಕೆಂಪು ದೀಪ ಹತ್ತಿದರೆ ಕೈಬ್ರೇಕನ್ನೂ ದ್ರವದ ಮಟ್ಟವನ್ನೂ ನೋಡಿ. ಘಾಟಿ ಇಳಿಯುವ ಮುನ್ನವಂತೂ ಇದನ್ನು ಅಲಕ್ಷಿಸಲಾಗದು. ಉಷ್ಣತೆಯ ದೀಪ ಹತ್ತಿದರೆ ನಿಲ್ಲಿಸಿ, ಬಿಸಿಯಿರುವ ರೇಡಿಯೇಟರಿನ ಮುಚ್ಚಳವನ್ನು ತೆರೆಯಬೇಡಿ. ಗಣಕಯಂತ್ರವಿರುವ ಕಾರುಗಳಲ್ಲಿ ಹಲವು ದೀಪಗಳು ಒಮ್ಮೆಲೇ ಹತ್ತಿದರೆ ಮೊದಲು ಬ್ಯಾಟರಿಯ ಒತ್ತಡವನ್ನು ನೋಡಿ. ಓದುವ ಉಪಕರಣ ತೋರಿಸುವ ಸಂಕೇತ ದೋಷವಿರುವ ಮಾರ್ಗವನ್ನು ಹೇಳುತ್ತದೆಯೇ ಹೊರತು ಯಾವ ಭಾಗವನ್ನು ಕೊಳ್ಳಬೇಕೆಂಬುದನ್ನು ಹೇಳುವುದಿಲ್ಲ.

ಸುಳ್ಯದ ಆ ಹಿರಿಯರು ಬೇಡಿದ ಕೂಲಿ ನಾವು ಕೊಂಡ ಒಂದು ಬ್ಯಾಟರಿಯ ಬೆಲೆಯ ಹತ್ತನೆಯ ಒಂದು ಭಾಗವೂ ಇರಲಿಲ್ಲ. ಪರೀಕ್ಷಿಸದೆ ಬದಲಾಯಿಸುವುದು ವ್ಯಾಪಾರ; ಮೂಲವನ್ನು ಅರಿತು ಸರಿಪಡಿಸುವುದು ಕಾಯಕ. ಅಂದು ಅವರಲ್ಲಿ ನಾನು ಕಂಡದ್ದು ಕಾಯಕ. ಅರಿವನ್ನು ಗುರುವೆಂದು ಭಾವಿಸಿದ ಪರಂಪರೆಯಲ್ಲಿ ಬೆಳೆದು, ಮಠದಲ್ಲಿ ಓದಿ ಬಂದ ನಾನೇ ಎಚ್ಚರಿಸಿದ ದೀಪವನ್ನು ಕೀಳಲು ಸಮ್ಮತಿಸಿದೆನಲ್ಲ ಎಂಬ ನಾಚಿಕೆ ನನ್ನನ್ನು ಬಿಟ್ಟಿಲ್ಲ. ಆ ಪುಟ್ಟ ಬಲ್ಬು ಈಗಲೂ ಕಾರಿನ ಫಲಕದಲ್ಲಿದೆ. ಪ್ರತಿದಿನ ಕೀಲಿ ತಿರುಗಿಸಿದಾಗ ಅದು ಒಮ್ಮೆ ಹತ್ತಿ, ಎಂಜಿನ್ ಚಾಲೂ ಆದೊಡನೆ ಆರುವುದನ್ನು ನೋಡಿಯೇ ನಾನು ಮುಂದಕ್ಕೆ ಸಾಗುತ್ತೇನೆ. ಈ ಬಾರಿಯ ಮಳೆಗಾಲಕ್ಕೆ ಮುನ್ನ ತಾವೂ ಒಮ್ಮೆ ನೋಡಿಕೊಳ್ಳಿರೆಂದು ವಿನಂತಿ.