ಕಾದಂಬರಿಯೂ ಜೋಡಿಗಳ ಜಾತ್ರೆಯೂ

ಪ್ರಣಯವನ್ನೂ ರಹಸ್ಯವನ್ನೂ ಕೂಡಿಸಿ ಹೆಣೆದ ಕಾದಂಬರಿಗಳಿಗೆ ನಮ್ಮ ಮನೆಗಳಲ್ಲಿ ಬಹಳ ಆದರವುಂಟು. ರಾತ್ರಿಯ ಊಟವಾದ ಮೇಲೆ ಒಬ್ಬರು ಓದಿ ನಾಲ್ವರು ಕೇಳುವ ಮನೆಗಳನ್ನು ಹೊಸಪೇಟೆಯಲ್ಲಿ ನಾವು ಬಲ್ಲೆವು. ಇಂತಹ ಗ್ರಂಥಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಅವುಗಳಲ್ಲಿ ಒಂದು ದೋಷವು ಮೇಲಿಂದ ಮೇಲೆ ಕಂಡುಬರುತ್ತಿರುವುದು. ನಾಯಿಕೆಯು ಗಂಡಾಂತರದಲ್ಲಿ ಸಿಲುಕಿರುವಾಗಲೇ ಗ್ರಂಥಕರ್ತನು ಅವಳನ್ನು ಅಲ್ಲಿಯೇ ಬಿಟ್ಟು, ಅವಳ ತಂಗಿಯ ಪ್ರೇಮ, ಗೆಳತಿಯ ವಿರಹ, ಪೋಲೀಸು ಅಧಿಕಾರಿಯ ಹಳೆಯ ಪ್ರಣಯ, ಇವುಗಳ ಹಿಂದೆ ಹೊರಟುಬಿಡುವನು. ಐದನೆಯ ಜೋಡಿಯು ಬರುವ ಹೊತ್ತಿಗೆ, ಕೇಳುತ್ತಿದ್ದ ಅಜ್ಜಿಯು “ಇವಳು ಯಾರ ಮಗಳು?” ಎನ್ನುವಳು, ಓದುತ್ತಿದ್ದ ಸೊಸೆಯು ಹಾಳೆಗಳನ್ನು ಹಿಂದಕ್ಕೆ ತಿರುವುವಳು. ನಾಯಿಕೆಯ ಮೇಲೆ ಹುಟ್ಟಿದ್ದ ಕನಿಕರವು ಅಷ್ಟರಲ್ಲಿ ಆರಿಹೋಗಿರುವುದು.

ಹಾಗಾದರೆ ಉಪಕಥೆಯೇ ಬೇಡವೆ? ನಮ್ಮ ಲಾಕ್ಷಣಿಕರು ಹಾಗೆ ಹೇಳಲಿಲ್ಲ. 10ನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ ಮುಖ್ಯಕಥೆಯನ್ನು ಆಧಿಕಾರಿಕವೆಂದೂ, ಅದಕ್ಕೆ ಅಂಗವಾದುದನ್ನು ಪ್ರಾಸಂಗಿಕವೆಂದೂ ವಿಭಾಗಿಸಿರುವನು. ಪ್ರಾಸಂಗಿಕದಲ್ಲಿ ದೂರದವರೆಗೆ ಸಾಗಿಬರುವುದು ಪತಾಕೆ. ಅಲ್ಪದರಲ್ಲಿ ಮುಗಿಯುವುದು ಪ್ರಕರಿ. ಎರಡಕ್ಕೂ ನಿಯಮವೊಂದೇ: ಉಪಕಥೆಯು ಮುಖ್ಯಕಥೆಯ ಕಾರ್ಯಕ್ಕಾಗಿ ಹೊರಟು, ದಾರಿಯಲ್ಲಿ ತನ್ನ ಕಾರ್ಯವನ್ನೂ ಸಾಧಿಸಿಕೊಳ್ಳಬೇಕು. ಪತಾಕೆಗೆ ವ್ಯಾಖ್ಯಾನಕಾರನು ಕೊಡುವ ಉದಾಹರಣೆ ಸುಗ್ರೀವನ ವೃತ್ತಾಂತ.

ಆ ಸುಗ್ರೀವನಾದರೋ ನಮ್ಮ ನೆರೆಯವನೇ. ಹಂಪೆ, ಆನೆಗೊಂದಿಗಳ ಸುತ್ತಣ ಸೀಮೆಯೇ ಕಿಷ್ಕಿಂಧೆಯೆಂದು ನಮ್ಮ ಜನರು ನಂಬಿರುವರು. ಕಂಪ್ಲಿಯ ಹಾದಿಯಲ್ಲಿರುವ ಮಾಲ್ಯವಂತ ಬೆಟ್ಟದಲ್ಲಿ ಶ್ರೀರಾಮನು ಮಳೆಗಾಲವನ್ನು ಕಳೆದನೆಂಬುದು ಇಲ್ಲಿಯ ಐತಿಹ್ಯ. ಈ ಕಥೆಯಲ್ಲಿಯೂ ಮೂರು ಜೋಡಿಗಳುಂಟು: ರಾಮ ಸೀತೆಯರು, ಸುಗ್ರೀವ ರುಮೆಯರು, ವಾಲಿ ತಾರೆಯರು. ಸೀತೆಯು ಎಲ್ಲಿರುವಳೆಂಬ ರಹಸ್ಯವೂ ಉಂಟು. ಪತ್ನಿಯನ್ನು ಕಳೆದುಕೊಂಡ ಇಬ್ಬರು ಸಖ್ಯವನ್ನು ಮಾಡಿಕೊಳ್ಳುವರು. ವಾಲಿಯು ಮಡಿದ ಮೇಲೆ ಸುಗ್ರೀವನಿಗೆ ರುಮೆಯು ದೊರೆಯುವಳು. ಅವನು ಭೋಗದಲ್ಲಿ ಮುಳುಗಿ ಕೊಟ್ಟ ಮಾತನ್ನು ಮರೆಯುವನು. ಮಳೆ ನಿಂತರೂ ವಾನರರು ಹೊರಡರು. ಕಡೆಗೆ ಲಕ್ಷ್ಮಣನು ಕೆರಳಿ ಬರಲು, ತಾರೆಯೇ ಮುಂದೆ ಬಂದು ಅವನನ್ನು ಶಾಂತಗೊಳಿಸುವಳು. ಒಂದು ದಂಪತಿಯ ಸುಖವೇ ಇನ್ನೊಂದು ದಂಪತಿಯ ದುಃಖವನ್ನು ನೀಳಮಾಡಿತು. ಆದುದರಿಂದ ಸುಗ್ರೀವನ ಅಂತಃಪುರದಲ್ಲಿ ನಿಂತಿರುವಾಗಲೂ ನಾವು ಸೀತೆಯನ್ನು ಮರೆಯಲಾರೆವು.

ಕಾದಂಬರಿಯೆಂಬ ಹೆಸರಿಗೇ ಮೂಲವಾದ, 7ನೆಯ ಶತಮಾನದ ಬಾಣಭಟ್ಟನ ಕೃತಿಯು ಇದಕ್ಕಿಂತ ಜಟಿಲವಾದುದು. ಜನ್ಮಾಂತರಗಳು, ಶಾಪಗಳು, ಕಥೆ ಹೇಳುವ ಗಿಳಿ, ಎಲ್ಲವೂ ಅಲ್ಲುಂಟು. ನಾಗವರ್ಮನು ಅದನ್ನು ಕನ್ನಡಿಸಿದ್ದಾನೆ. ಆದರೂ ಜೋಡಿಗಳು ಎರಡೇ; ಅವೂ ಒಂದೇ ಗಂಟಿನವು. ಸಖಿಯಾದ ಮಹಾಶ್ವೇತೆಯು ಶೋಕದಲ್ಲಿರುವತನಕ ತಾನು ಮದುವೆಯಾಗೆನೆಂದು ಕಾದಂಬರಿಯು ಪಣತೊಟ್ಟಿರುವಳು. ಒಬ್ಬಳ ಕಥೆಯನ್ನು ತೆಗೆದರೆ ಇನ್ನೊಬ್ಬಳದು ನಿಲ್ಲದು.

ಕೊನೆಯು ಮೊದಲೇ ತಿಳಿದುಹೋದೀತೆಂಬ ಭಯದಿಂದ ಹಲವರು ಜೋಡಿಗಳನ್ನು ಹೆಚ್ಚಿಸುವಂತೆ ತೋರುತ್ತದೆ. ಅವರು ಹಂಪೆಗೆ ಬಂದು ನೋಡಲಿ. ಮಾರ್ಗಶಿರದಲ್ಲಿ ಪಂಪಾಂಬಿಕೆ ವಿರೂಪಾಕ್ಷರ ನಿಶ್ಚಿತಾರ್ಥವಾದ ಫಲಪೂಜೆ ನಡೆಯುವುದು, ಚೈತ್ರದಲ್ಲಿ ಕಲ್ಯಾಣೋತ್ಸವವಾಗುವುದು. ಮದುವೆ ನಡೆದೇ ನಡೆಯುವುದೆಂಬುದನ್ನು ಅರಿಯದವರಾರು? ಆದರೂ ಪ್ರತಿವರ್ಷವೂ ಜನರು ಕಿಕ್ಕಿರಿದು ಬರುವರು. ಮುಂದೇನೆಂಬ ಕುತೂಹಲವು ಒಂದು ರಾತ್ರಿಯದು. ಇವರಿಗೆ ಒಳ್ಳೆಯದಾಗಲೆಂಬ ಹಾರೈಕೆಯು ಬಹುಕಾಲ ಬಾಳುವುದು.

ಆದಕಾರಣ ಬರೆಯುವವರಿಗೆ ನಾವು ಸೂಚಿಸುವ ಪರೀಕ್ಷೆಯೊಂದೇ. ಒಂದು ಜೋಡಿಯನ್ನು ತೆಗೆದುಹಾಕಿ ನೋಡಿರಿ. ಮುಖ್ಯಕಥೆಯು ಅಲುಗದಿದ್ದರೆ ಆ ಜೋಡಿಯು ಅಲ್ಲಿರಲು ತಕ್ಕುದಲ್ಲ. ಸಂಡೂರಿನ ಕಣಿವೆಯ ಹಳ್ಳಗಳು ನಾರಿಹಳ್ಳವನ್ನು ಕೂಡಿ, ಬೆಟ್ಟದ ಒಂದೇ ಗಂಡಿಯಿಂದ ಹೊರಬೀಳುವಂತೆ ಉಪಕಥೆಗಳೂ ಒಂದಾಗಿ ಹರಿಯಲಿ. ದಿನವೆಲ್ಲ ದುಡಿದ ಗೃಹಿಣಿಗೆ ತನ್ನದೆಂದು ಉಳಿಯುವುದು ರಾತ್ರಿಯ ಆ ಒಂದು ಗಳಿಗೆ. ಅದರಲ್ಲಿ ಅವಳು ಹತ್ತು ಜನರ ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಬ್ಬಳ ಕಷ್ಟಕ್ಕೆ ಮನಸಾರ ಮರುಗಿದರೆ ಸಾಕು.