ಚಾರಣಿಗರ ತಂಗುದಾಣ

ಚಾರಣಿಗರ ತಂಗುದಾಣ ಎಂದರೆ ಬೆಟ್ಟ, ಕಾಡು, ಕಣಿವೆಗಳ ಕಾಲುದಾರಿಯಲ್ಲಿ ನಡೆಯುವವರಿಗೆ ಮಳೆ, ಗಾಳಿ ಮತ್ತು ಬಿಸಿಲಿನಿಂದ ರಕ್ಷಣೆ ನೀಡುವ ಪುಟ್ಟ ಕಟ್ಟಡ. ಪ್ರವಾಸಿಗರ ವಸತಿಗೃಹದಲ್ಲಿ ಸೌಕರ್ಯಕ್ಕೆ ಪ್ರಾಧಾನ್ಯವಿದ್ದರೆ, ತಂಗುದಾಣದಲ್ಲಿ ದಣಿದವರ ಸುರಕ್ಷತೆಯೇ ಮುಖ್ಯ. ಅದು ನಿಂತಿರುವ ನಿಸರ್ಗಕ್ಕೆ ಧಕ್ಕೆಯಾಗಬಾರದು ಎಂಬುದೂ ಅಷ್ಟೇ ಮುಖ್ಯ. ಈ ಎರಡು ಉದ್ದೇಶಗಳನ್ನು ಹೊಂದಿಸುವುದೇ ಇದರ ವಿನ್ಯಾಸದ ಮೂಲ ಸಮಸ್ಯೆ.

ಹಿನ್ನೆಲೆ

ದಾರಿಹೋಕರಿಗೆ ಆಸರೆ ಕಲ್ಪಿಸುವುದು ಕರ್ನಾಟಕದಲ್ಲಿ ಹಳೆಯ ಪದ್ಧತಿ. ಊರೂರುಗಳ ನಡುವೆ ಮಂಟಪ, ಛತ್ರ ಮತ್ತು ಅರವಟ್ಟಿಗೆಗಳನ್ನು ಕಟ್ಟಿಸುವುದು ಪುಣ್ಯಕಾರ್ಯವೆನಿಸಿತ್ತು. ತಲೆಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿಕೊಳ್ಳಲು ದಾರಿಬದಿಯಲ್ಲಿ ಎದೆಮಟ್ಟದ ಹೊರೆಗಲ್ಲುಗಳನ್ನು ನಿಲ್ಲಿಸುತ್ತಿದ್ದರು. ನಡೆಯುವವನ ದೇಹಕ್ಕೆ ಯಾವ ಜಾಗದಲ್ಲಿ ಏನು ಬೇಕೋ ಅಷ್ಟನ್ನೇ ಒದಗಿಸುವುದು ಇವುಗಳ ಗುಣ. ಹಾಸನ ಜಿಲ್ಲೆಯ ಮೊಸಳೆ ಗ್ರಾಮದ ನಾಗೇಶ್ವರ ಮತ್ತು ಚೆನ್ನಕೇಶವ ಜೋಡಿ ದೇವಾಲಯಗಳಂತಹ ಹೊಯ್ಸಳ ಕಟ್ಟಡಗಳಲ್ಲಿ ಛಾವಣಿಯ ಅಂಚು ಗೋಡೆಯಿಂದ ಮುಂದಕ್ಕೆ ಚಾಚಿಕೊಂಡು ಮಳೆನೀರನ್ನು ದೂರಕ್ಕೆ ಬೀಳಿಸುತ್ತದೆ. ಇಂದಿನ ತಂಗುದಾಣಕ್ಕೂ ಈ ತತ್ತ್ವ ಅನ್ವಯಿಸುತ್ತದೆ.

ಆದರೆ ಬಯಲುಸೀಮೆಯ ತೆರೆದ ಮಂಟಪವನ್ನು ಹಾಗೆಯೇ ಮಲೆನಾಡಿಗೆ ಒಯ್ಯಲಾಗದು. ಬಯಲಿನಲ್ಲಿ ಮುಖ್ಯವಾಗಿ ಬೇಕಾದುದು ನೆರಳು. ಘಟ್ಟದ ಅಂಚಿನಲ್ಲಿ ಮಳೆ ಗಾಳಿಯೊಡನೆ ಓರೆಯಾಗಿ ಬೀಸಿ, ನಾಲ್ಕೂ ಕಡೆ ತೆರೆದ ಮಂಟಪದೊಳಗೆ ನಿಂತವರನ್ನೂ ತೋಯಿಸುತ್ತದೆ.

ಪಶ್ಚಿಮ ಘಟ್ಟದ ಉದಾಹರಣೆಗಳು

1,712 ಮೀಟರ್ ಎತ್ತರದ ಕುಮಾರ ಪರ್ವತವು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿದೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಏರುವ ದಾರಿ ಮೊದಲು ದಟ್ಟ ಕಾಡಿನೊಳಗೆ ಸಾಗಿ, ಗಿರಿಗದ್ದೆಯ ಬಳಿಕ ಹುಲ್ಲುಗಾವಲಿಗೆ ತೆರೆದುಕೊಳ್ಳುತ್ತದೆ. ಗಿರಿಗದ್ದೆಯ 'ಭಟ್ಟರ ಮನೆ' ಚಾರಣಿಗರಿಗೆ ಊಟ ಮತ್ತು ವಿಶ್ರಾಂತಿಯ ತಾಣವೆಂದು ಹೆಸರಾಗಿದೆ. ಅಲ್ಲಿಂದ ಶೇಷ ಪರ್ವತದ ಕಡೆಗೆ ಹೋಗುವಾಗ, ಕಂಬಗಳ ಮೇಲೆ ಚಪ್ಪಡಿ ಹಾಸಿದ 'ಕಲ್ಲು ಮಂಟಪ' ಸಿಗುತ್ತದೆ. ಮರಗಳಿಲ್ಲದ ಏರಿನಲ್ಲಿ ನೆರಳು ನೀಡುವ ಕಟ್ಟಡ ಅದೊಂದೇ ಆದ್ದರಿಂದ, ಗಾತ್ರದಲ್ಲಿ ಚಿಕ್ಕದಾದರೂ ಅದರ ಉಪಯೋಗ ದೊಡ್ಡದು.

ಸಕಲೇಶಪುರ ತಾಲ್ಲೂಕಿನ ಬಿಸಿಲೆ ಘಾಟಿಯ ವೀಕ್ಷಣಾ ತಾಣದಲ್ಲಿರುವ ಮಂಟಪದ ಉದ್ದೇಶ ಬೇರೆ. ಅದು ರಸ್ತೆಯಿಂದ ಅನತಿ ದೂರದಲ್ಲಿದ್ದು, ಎದುರಿನ ಕಣಿವೆ ಮತ್ತು ಪರ್ವತಸಾಲನ್ನು ನೋಡಲು ಬರುವವರಿಗೆ ಅನುಕೂಲ ಕಲ್ಪಿಸುತ್ತದೆ. ಹೀಗೆ ನೋಟಕ್ಕಾಗಿ ಕಟ್ಟುವುದು ಮತ್ತು ಆಸರೆಗಾಗಿ ಕಟ್ಟುವುದು ಬೇರೆ ಬೇರೆ ಕೆಲಸಗಳು.

ಸ್ಥಳದ ಆಯ್ಕೆ

ಘಟ್ಟದ ಅಂಚಿನಲ್ಲಿ ರಮ್ಯ ನೋಟ ಸಾಮಾನ್ಯವಾಗಿ ಪಶ್ಚಿಮಕ್ಕಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರು ಬೀಸುವುದೂ ಅದೇ ದಿಕ್ಕಿನಿಂದ. ನೋಟಕ್ಕೆ ಮುಖಮಾಡಿ ತೆರೆದರೆ ಮಳೆಗೂ ತೆರೆದಂತೆಯೇ. ಆದ್ದರಿಂದ ತಂಗುದಾಣವನ್ನು ಏಣಿನ ಮೇಲೆ ಕಟ್ಟದೆ, ಅದರಿಂದ ತುಸು ಕೆಳಗೆ ಗಾಳಿಮರೆಯ ಬದಿಯಲ್ಲಿ ಕಟ್ಟುವುದು ಸೂಕ್ತ. ನೋಟಕ್ಕಾಗಿ ನಾಲ್ಕು ಹೆಜ್ಜೆ ನಡೆದರೆ ಸಾಕು. ಇದರಿಂದ ದೂರದಿಂದ ಕಾಣುವ ಬೆಟ್ಟದ ಆಕಾರಕ್ಕೂ ಕಟ್ಟಡ ಅಡ್ಡಬರುವುದಿಲ್ಲ.

ನೀರಿನ ಸೆಲೆ, ಶೋಲಾ ಕಾಡಿನ ಅಂಚು ಮತ್ತು ಆನೆಗಳು ನಡೆಯುವ ಜಾಡುಗಳಿಂದ ದೂರವಿರಬೇಕು. ಇಳಿಜಾರನ್ನು ಕಡಿದು ಮಟ್ಟಮಾಡುವುದು ಅಪಾಯಕರ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತಗಳು ನೀರು ಕುಡಿದ ಇಳಿಜಾರು ಎಷ್ಟು ದುರ್ಬಲವೆಂಬುದನ್ನು ತೋರಿಸಿಕೊಟ್ಟಿವೆ. ಗಟ್ಟಿ ಬಂಡೆಯ ಮೇಲೆ ಕಂಬಗಳನ್ನು ಊರಿ, ನೆಲದಿಂದ ಮೇಲೆ ಹಲಗೆ ಹಾಸಿದರೆ ಮಳೆನೀರು ಕೆಳಗೆ ತಡೆಯಿಲ್ಲದೆ ಹರಿಯುತ್ತದೆ. ನೆಲದಿಂದೆತ್ತರದ ಜಗಲಿಯಿದ್ದರೆ ಇಂಬಳಗಳ ಕಾಟವೂ ಕಡಿಮೆಯಾಗುತ್ತದೆ.

ರಚನೆ ಮತ್ತು ಸಾಮಗ್ರಿ

ಗಾಳಿ ಬರುವ ಕಡೆಗೆ ಪೂರ್ಣ ಗೋಡೆ, ಉಳಿದೆಡೆ ಅರ್ಧ ಗೋಡೆ, ಒಳಗೆ ಗೋಡೆಗುಂಟ ಜಗಲಿ, ಮೇಲೆ ಕಡಿದಾದ ಇಳಿಜಾರಿನ ಛಾವಣಿ: ಇಷ್ಟೇ ಮುಖ್ಯ ಅಂಗಗಳು. ಮಂಗಳೂರು ಹೆಂಚು ಮಲೆನಾಡಿನ ಮನೆಗಳಿಗೆ ಒಗ್ಗಿದ್ದರೂ ಬೋಳು ಬೆಟ್ಟದ ಬಿರುಗಾಳಿಗೆ ಹಾರಿಹೋಗಬಹುದು. ಅಲ್ಲಿ ಬಿಗಿಯಾಗಿ ಕಟ್ಟಿದ ಲೋಹದ ತಗಡು ಅಥವಾ ಕಲ್ಲುಚಪ್ಪಡಿ ಹೆಚ್ಚು ಸುರಕ್ಷಿತ. ಮರವನ್ನು ಬಳಸುವುದಾದರೆ ಗೆದ್ದಲು ಮತ್ತು ತೇವದಿಂದ ಕಾಪಾಡಬೇಕು. ವಾಹನ ಹೋಗದ ಜಾಗಕ್ಕೆ ಸಾಮಗ್ರಿಯನ್ನು ಹೊತ್ತೇ ಒಯ್ಯಬೇಕಾದುದರಿಂದ, ಪ್ರತಿಯೊಂದು ಭಾಗವೂ ಇಬ್ಬರು ಹೊರುವಷ್ಟು ಹಗುರವಾಗಿರಬೇಕು. ಸಾಗಣೆಗೆಂದು ರಸ್ತೆ ಕಡಿದರೆ ತಂಗುದಾಣಕ್ಕಿಂತ ರಸ್ತೆಯಿಂದಲೇ ಹೆಚ್ಚು ಹಾನಿಯಾಗುತ್ತದೆ.

ಸಿಡಿಲಿನ ಅಪಾಯ

ಸೂರು ಇದ್ದ ಮಾತ್ರಕ್ಕೆ ಸಿಡಿಲಿನಿಂದ ರಕ್ಷಣೆ ದೊರೆಯುವುದಿಲ್ಲ. ಎತ್ತರದ ಬಯಲಿನಲ್ಲಿ ಒಂಟಿಯಾಗಿ ನಿಂತ ತೆರೆದ ಮಂಟಪಕ್ಕೆ ಸಿಡಿಲು ಬಡಿಯುವ ಸಂಭವ ಹೆಚ್ಚು. ಮಿಂಚುವಾಹಕ ಮತ್ತು ಸರಿಯಾದ ಭೂಸಂಪರ್ಕ ಇಲ್ಲದ ತಂಗುದಾಣವು ಜನರನ್ನು ಅಪಾಯದ ಜಾಗದಲ್ಲಿಯೇ ಒಟ್ಟುಗೂಡಿಸುತ್ತದೆ. ಏಣನ್ನು ಬಿಟ್ಟು ಕೆಳಗೆ ಕಟ್ಟಬೇಕೆನ್ನಲು ಇದು ಇನ್ನೊಂದು ಕಾರಣ. ಗುಡುಗಿನ ವೇಳೆ ಎಲ್ಲಿಗೆ ಇಳಿಯಬೇಕೆಂಬ ಕನ್ನಡದ ಸೂಚನಾ ಫಲಕವೂ ಅಗತ್ಯ.

ಇತರ ದೇಶಗಳಲ್ಲಿ

1863ರಲ್ಲಿ ಸ್ಥಾಪನೆಯಾದ ಸ್ವಿಸ್ ಆಲ್ಪೈನ್ ಕ್ಲಬ್ ಮತ್ತು 1868ರಲ್ಲಿ ಸ್ಥಾಪನೆಯಾದ ನಾರ್ವೆಯ ಚಾರಣ ಸಂಘ ಪರ್ವತಗಳಲ್ಲಿ ತಂಗುಮನೆಗಳ ಜಾಲವನ್ನೇ ನಿರ್ವಹಿಸುತ್ತಿವೆ. ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆಯ ಅಧೀನದಲ್ಲಿ 900ಕ್ಕೂ ಹೆಚ್ಚು ಗುಡಿಸಲುಗಳಿವೆ. ಸ್ಲೊವೇನಿಯಾದ ಸ್ಕುಟಾ ಪರ್ವತದಲ್ಲಿ 2015ರಲ್ಲಿ ಸ್ಥಾಪಿಸಿದ ಪುಟ್ಟ ತಂಗುದಾಣದ ಭಾಗಗಳನ್ನು ಹೆಲಿಕಾಪ್ಟರಿನಲ್ಲಿ ಒಯ್ದು ಜೋಡಿಸಲಾಯಿತು. ಆ ನಾಡುಗಳಲ್ಲಿ ಹಿಮ ಮತ್ತು ಚಳಿಯಿಂದ ರಾತ್ರಿ ಕಾಪಾಡುವುದು ಮುಖ್ಯ ಅಗತ್ಯ. ಪಶ್ಚಿಮ ಘಟ್ಟದಲ್ಲಿ ಬಹುತೇಕ ಚಾರಣಗಳು ಹಗಲಿನಲ್ಲೇ ಮುಗಿಯುವುದರಿಂದ, ಮಳೆ ನಿಲ್ಲುವವರೆಗಿನ ಒಂದೆರಡು ಗಂಟೆಗಳ ಆಸರೆ ಸಾಕಾಗುತ್ತದೆ.

ಗಾತ್ರ ಮತ್ತು ನಿರ್ವಹಣೆ

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಚಾರಣಿಗರು ಬಂದು ಜನಸಂದಣಿ ಉಂಟಾದ ಬಳಿಕ, ಅರಣ್ಯ ಇಲಾಖೆಯು ಆನ್‌ಲೈನ್ ಮುಂಗಡ ನೋಂದಣಿಯ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅಂತಹ ದಟ್ಟಣೆಗೆ ದೊಡ್ಡ ಕಟ್ಟಡ ಪರಿಹಾರವಲ್ಲ. ಸ್ಥಳಾವಕಾಶ ಹೆಚ್ಚಿದಷ್ಟೂ ಬರುವವರು, ಕಸ ಮತ್ತು ಮಲಿನ ನೀರು ಹೆಚ್ಚುತ್ತವೆ. ಮೊದಲು ಬೆಟ್ಟ ತಾಳಬಲ್ಲ ಜನಸಂಖ್ಯೆಯನ್ನು ನಿಗದಿಪಡಿಸಿ, ಬಳಿಕ ಅದಕ್ಕೆ ತಕ್ಕಂತೆ ತಂಗುದಾಣದ ಅಳತೆಯನ್ನು ನಿರ್ಧರಿಸುವುದು ಸರಿಯಾದ ಕ್ರಮ. ಒಲೆ ಮತ್ತು ಕಸದ ತೊಟ್ಟಿಗಳನ್ನು ಇಡದೆ, ತಂದ ವಸ್ತುವನ್ನು ಮರಳಿ ಒಯ್ಯುವ ನಿಯಮವಿದ್ದರೆ ಕಾಡುಪ್ರಾಣಿಗಳು ಆಹಾರ ಹುಡುಕಿ ಬರುವುದು ತಪ್ಪುತ್ತದೆ. ಪ್ರತಿವರ್ಷ ಮುಂಗಾರಿಗೆ ಮೊದಲು ಛಾವಣಿಯ ಬಿಗಿತ, ಮಿಂಚುವಾಹಕ ಮತ್ತು ನೀರಿನ ಹರಿವನ್ನು ಪರೀಕ್ಷಿಸಬೇಕು.